ಒಬ್ಬರೇ ಬಂದಿದ್ದೀರಾ?

ಹಾಸನದಲ್ಲಿ ಮನೆ ಮಾಡುವವರಿಗೆ ಯಾರೂ ಮುಂಚಿತವಾಗಿ ಹೇಳದ ಸಂಗತಿಯೊಂದಿದೆ. ಅಲ್ಲಿ ನೆಲೆಸಿದ ದಿನದಿಂದಲೇ ಅವರು ಬೇಲೂರು, ಹಳೇಬೀಡುಗಳಿಗೆ ಸಂಬಳವಿಲ್ಲದ ಗೈಡುಗಳಾಗಿ ನೇಮಕಗೊಂಡಿರುತ್ತಾರೆ. ನಾನು ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೊಂಬತ್ತು ವರ್ಷಗಳಾದವು. ಅತ್ತೆಯವರ ಕಡೆಯವರು, ತವರಿನ ಕಡೆಯವರು, ಯಜಮಾನರ ಆಫೀಸಿನವರು, ಯಾರ ಕಡೆಯವರೆಂದು ಊಟ ಮುಗಿಸಿ ಹೊರಡುವವರೆಗೂ ತಿಳಿಯದವರು, ಹೀಗೆ ಎಷ್ಟು ಮಂದಿಯನ್ನು ಕರೆದೊಯ್ದು ಚೆನ್ನಕೇಶವನ ಮುಂದೆ ನಿಲ್ಲಿಸಿದ್ದೇನೋ ಆ ದೇವರಿಗೇ ಲೆಕ್ಕ ಗೊತ್ತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು ಎಂಬಲ್ಲಿಂದ ಹಿಡಿದು ದರ್ಪಣ ಸುಂದರಿಯ ಕನ್ನಡಿಯವರೆಗೆ ನನ್ನ ಬಾಯಿ ತಾನಾಗಿಯೇ ಓಡುತ್ತಿರುತ್ತದೆ. ಮನಸ್ಸು ಮಾತ್ರ ರಾತ್ರಿ ಇಷ್ಟು ಜನಕ್ಕೆ ಸಾರು ಸಾಲದೆ ಹೋದರೆ ಏನು ಗತಿಯೆಂದು ಯೋಚಿಸುತ್ತಿರುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಊರಿಗೆ ಊರೇ ಹೆಮ್ಮೆಪಟ್ಟಿತು. ನಾನು ಇನ್ನೆರಡು ಹಾಸಿಗೆ ಹೊಲಿಯಲು ಹಾಕಿದೆ.

ಇಷ್ಟು ವರ್ಷ ತೋರಿಸಿದ್ದಾಯಿತು, ಒಂದು ದಿನವಾದರೂ ನಾನು ನೋಡುವವಳಾಗಬೇಕು, ಅದೂ ಒಬ್ಬಳೇ, ಯಾರ ನೀರಿನ ಬಾಟಲಿಯನ್ನೂ ಹೊರದೆ, ಯಾರ ಮಕ್ಕಳನ್ನೂ ಶೌಚಾಲಯಕ್ಕೆ ಕರೆದೊಯ್ಯದೆ ನೋಡಬೇಕು ಎಂಬ ಆಸೆ ಹುಟ್ಟಿದ್ದು ಹೀಗೆ. ಊರು ಯಾವುದೆಂಬುದರಲ್ಲಿ ಗೊಂದಲವಿರಲಿಲ್ಲ. ನನಗೆ ತಿಳಿದಿರುವ ಬೆಂಗಳೂರೆಂದರೆ ಕಲ್ಯಾಣ ಮಂಟಪಗಳ ಊಟದ ಹಾಲು ಮತ್ತು ಆಸ್ಪತ್ರೆಗಳ ಕಾರಿಡಾರು. ಲಾಲ್‌ಬಾಗನ್ನು ಬಸ್ಸಿನ ಕಿಟಕಿಯಿಂದ ಮೂರು ಬಾರಿ ಕಂಡಿದ್ದೇನೆ. ಮೂರು ಬಾರಿಯೂ ಕಂಡದ್ದು ಕಾಂಪೌಂಡನ್ನು.

ಅಡ್ಡಿಯಿದ್ದದ್ದು ಒಂದೇ. ನನ್ನ ನಾದಿನಿ ಬೆಂಗಳೂರಿನ ರಾಮಮೂರ್ತಿನಗರದಲ್ಲಿದ್ದಾಳೆ. ಬೆಂಗಳೂರಿಗೆ ಬಂದು ತನ್ನ ಮನೆಗೆ ಬಾರದೆ ಹೋದವರ ಪಟ್ಟಿಯೊಂದು ಅವಳ ಮನಸ್ಸಿನಲ್ಲಿ ಸದಾ ಸಿದ್ಧವಿದ್ದು, ತಾರೀಖಿನ ಸಮೇತ ಅದನ್ನು ಮದುವೆಮನೆಗಳಲ್ಲಿ ಓದಿ ಹೇಳುತ್ತಾಳೆ. ಹಲ್ಲು ಕೀಳಿಸಿಕೊಳ್ಳಲು ಹೋಗಿ ಹಾಗೆಯೇ ಹಿಂದಿರುಗಿದ ಮೈದುನನೊಡನೆ ಅವಳು ಗೌರಿ ಹಬ್ಬದಿಂದ ಯುಗಾದಿಯವರೆಗೆ ಮಾತು ಬಿಟ್ಟಿದ್ದಳು. ಅವಳ ಮನೆಗೆ ಹೋದರೆ ಒತ್ತು ಶಾವಿಗೆ ಒತ್ತದೆ ಬಿಡುವವಳಲ್ಲ, ಒತ್ತಿದ ಮೇಲೆ ಆ ದಿನ ಅಲ್ಲಿಗೇ ಮುಗಿದಂತೆ. ನಾನು ನೋಡಬೇಕೆಂದಿದ್ದ ಜಾಗಗಳಿಗೂ ರಾಮಮೂರ್ತಿನಗರಕ್ಕೂ ಬಹಳ ದೂರ ಎಂಬುದನ್ನು ಯಜಮಾನರು ಫೋನಿನ ನಕ್ಷೆಯಲ್ಲಿ ತೋರಿಸಿ ಧೈರ್ಯ ತುಂಬಿದರು. ತಂಗಿಗೆ ತಿಳಿಸದಿರಲು ಅವರು ಕೇಳಿದ ಪ್ರತಿಫಲ ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಖಾರದ ಬನ್ನು ಮತ್ತು ಕೊಬ್ಬರಿ ಬಿಸ್ಕತ್ತು. ಆ ಬೇಕರಿಗಳನ್ನು ಕಟ್ಟಿ ಬೆಳೆಸಿದವರೇ ಬಹುಪಾಲು ನಮ್ಮ ಹಾಸನ ಜಿಲ್ಲೆಯಿಂದ ಹೋದವರು. ಹಾಸನದವರು ಬೆಂಗಳೂರಿನಲ್ಲಿ ಮಾಡಿದ ಬನ್ನನ್ನು ಹಾಸನಕ್ಕೆ ತರಿಸಿಕೊಂಡು ತಿನ್ನುವುದರಲ್ಲಿ ಅರ್ಥವೇನೆಂದು ಕೇಳಿದರೆ, ಅವರು ಅಲ್ಲಿನ ನೀರಿನ ರುಚಿಯೇ ಬೇರೆ ಎಂದರು. ಬೆಂಗಳೂರಿನ ನೀರನ್ನು ಹೊಗಳಿದ ಮೊದಲ ವ್ಯಕ್ತಿ ಅವರೇ ಇರಬೇಕು.

ಬೆಳಗಿನ ಐದು ಗಂಟೆಯ ಬಸ್ಸು. ಕಂಡಕ್ಟರು “ಎಷ್ಟು ಜನ ಅಮ್ಮಾ?” ಎಂದರು. “ಒಬ್ಬಳೇ” ಎಂದೆ. ಶಕ್ತಿ ಯೋಜನೆಯ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಹರಿದು ಕೊಡುತ್ತಾ ನನ್ನ ಹಿಂದುಮುಂದಿನ ಸೀಟುಗಳಲ್ಲಿ ಕಣ್ಣಾಡಿಸಿದರು. ಯಾರಾದರೂ ಗಂಡಸು ಎದ್ದು ಕಾಸು ಕೊಡಬಹುದೆಂದು ಕಾಯುತ್ತಿದ್ದಂತಿತ್ತು. ಚನ್ನರಾಯಪಟ್ಟಣದವರೆಗೆ ಎಚ್ಚರವಿದ್ದೆ. ಯಡಿಯೂರಿನ ಸಿದ್ಧಲಿಂಗೇಶ್ವರನಿಗೆ ನಿದ್ದೆಗಣ್ಣಿನಲ್ಲೇ ಕೈ ಮುಗಿದೆ. ಮತ್ತೆ ಕಣ್ಣು ಬಿಟ್ಟಾಗ ಬಸ್ಸು ಗೊರಗುಂಟೆಪಾಳ್ಯದಲ್ಲಿ ನಿಂತಿತ್ತು, ಬಹಳ ಹೊತ್ತು ನಿಂತೇ ಇತ್ತು.

ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಪಶ್ಚಿಮದ ಗೇಟಿನಿಂದ ಒಳಹೊಕ್ಕೆ. 1760ರಲ್ಲಿ ಹೈದರಾಲಿ ಹಾಕಿಸಲಾರಂಭಿಸಿದ ತೋಟವಿದು. 1889ರ ಗಾಜಿನ ಮನೆಯ ಮುಂದೆ ನಿಂತಾಗ, ಇದನ್ನು ವರ್ಣಿಸುವ ಜವಾಬ್ದಾರಿ ನನ್ನದಲ್ಲವೆಂಬ ನೆಮ್ಮದಿಯೊಂದು ಮೈಯೆಲ್ಲ ಹರಡಿತು. ಬಾಯಿ ಮುಚ್ಚಿಕೊಂಡು ಕಾಲು ಗಂಟೆ ನೋಡಿದೆ. ಅಲ್ಲಿಂದ ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿದೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ. ನನ್ನ ಚಪ್ಪಲಿಗೆ ಎರಡು ವರ್ಷ. ಇಳಿಯುವಾಗ ಯಾವುದು ಕೈಕೊಟ್ಟಿತೆಂದು ಬೇರೆ ಹೇಳಬೇಕಿಲ್ಲ.

ಬಲಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತುಬಂದಿತ್ತು. ನಾನು ಬಳೆಗೆ ಯಾವಾಗಲೂ ಎರಡು ಪಿನ್ನು ಸಿಕ್ಕಿಸಿಕೊಂಡಿರುತ್ತೇನೆ. ಒಂದು ಸೆರಗಿಗೆ, ಇನ್ನೊಂದು ಲೋಕಕಲ್ಯಾಣಕ್ಕೆ. ಆ ಎರಡನೆಯದನ್ನು ಬಿಚ್ಚಿ, ಬಂಡೆಯ ಮೇಲೆ ಕುಳಿತು, ಚಪ್ಪಲಿಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಅಟ್ಟೆಯ ಅಡಿಯಿಂದ ಪಿನ್ನನ್ನು ತೂರಿಸಿ ಕಿತ್ತ ತುದಿಯನ್ನು ಅದಕ್ಕೆ ಪೋಣಿಸುತ್ತಿದ್ದೆ. ಪಿನ್ನು ಒಂದಿಷ್ಟೂ ಬಾಗದೆ ನೇರವಾಗಿ ನನ್ನ ಹೆಬ್ಬೆರಳಿಗೆ ಇಳಿಯಿತು. “ಅಮ್ಮಾ” ಎಂದು ನಾನು ಕೂಗಿದ್ದಕ್ಕೂ, “ನೀವು ಹಾಸನದವರಲ್ವಾ?” ಎಂಬ ಪ್ರಶ್ನೆ ಬೆನ್ನ ಹಿಂದಿನಿಂದ ಬಂದದ್ದಕ್ಕೂ ಸರಿಹೋಯಿತು.

ಮಂಗನ ಟೋಪಿ ತೊಟ್ಟ ಹಿರಿಯರೊಬ್ಬರು ನಿಂತಿದ್ದರು. ಮುಖ ಎಲ್ಲೋ ನೋಡಿದಂತಿತ್ತು. “ಒಬ್ಬರೇ ಬಂದಿದ್ದೀರಾ?” ಎಂದರು. ಬಾಯಲ್ಲಿ ಹೆಬ್ಬೆರಳು, ಕೈಯಲ್ಲಿ ಚಪ್ಪಲಿ ಇರುವಾಗ ಮಾನವಂತ ಹೆಂಗಸು ಕೊಡಬಹುದಾದ ಉತ್ತರವೇನಿದೆ? ಅಸ್ಪಷ್ಟವಾಗಿ ತಲೆಯಾಡಿಸಿದೆ. ಅವರು “ಸರಿ ಸರಿ” ಎಂದು ನಡೆದುಬಿಟ್ಟರು. ಅವರು ಯಾರೆಂದು ನೆನಪಾಗದ್ದಕ್ಕೆ ಆಗ ಸಂತೋಷಪಟ್ಟದ್ದು ನನ್ನ ತಪ್ಪು.

ಮುಖ್ಯದ್ವಾರದಿಂದ ಕುಂಟುತ್ತಾ ಹೊರಬಿದ್ದವಳ ಗುರಿ ಎಂಟಿಆರ್. 1924ರಿಂದ ನಡೆದುಬಂದಿರುವ ಈ ಹೋಟೆಲಿನ ರವೆ ಇಡ್ಲಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಇಲ್ಲಿನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ. ಬಾಗಿಲಲ್ಲಿ ಹೆಸರು ಬರೆಸುವಾಗ “ಎಷ್ಟು ಜನ?” ಎಂಬ ಪ್ರಶ್ನೆ ಮತ್ತೆ ಎದುರಾಯಿತು. ಆದರೆ ಒಂಟಿತನಕ್ಕೂ ಒಂದು ಬೆಲೆಯಿದೆಯೆಂದು ಅಲ್ಲೇ ತಿಳಿದದ್ದು. ಆರಾರು ಜನದ ಕುಟುಂಬಗಳು ಕಾಯುತ್ತಿರುವಾಗಲೇ, ಮೂವರು ಕುಳಿತಿದ್ದ ಮೇಜಿನ ನಾಲ್ಕನೆಯ ಕುರ್ಚಿ ನನ್ನ ಪಾಲಾಯಿತು. ರವೆ ಇಡ್ಲಿ ಬಂತು. ಒಗ್ಗರಣೆಯ ಸಾಸಿವೆ ಅಲ್ಲಲ್ಲಿ ಇಣುಕುತ್ತಿದ್ದ ಆ ಇಡ್ಲಿಯ ಬೆನ್ನಿಗೆ ಗೋಡಂಬಿ ಅಂಟಿತ್ತು, ಪಕ್ಕದಲ್ಲಿ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ. ಮೊದಲ ತುತ್ತು ಮುರಿದಾಗ ಹಬೆಯೊಂದು ಕನ್ನಡಕವನ್ನು ಮಸುಕು ಮಾಡಿತು. ಆ ಮಸುಕಿನೊಳಗೆ, ಯಾರಿಗೂ ಬಡಿಸುವ ಹಂಗಿಲ್ಲದೆ, ಎರಡು ತುತ್ತು ತಿಂದೆ.

“ಆಂಟಿ, ಯಾವೂರು?” ಎಂದಳು ಎದುರಿನ ಹುಡುಗಿ. “ಹಾಸನ” ಎಂದುಬಿಟ್ಟೆ. ಮೂವರ ಕೈಯೂ ತಟ್ಟೆಯ ಮೇಲೆ ನಿಂತಿತು. ಮುಂದಿನ ವಾರ ಅವರು ಬೇಲೂರಿಗೆ ಹೊರಟಿದ್ದರು. ಮೊದಲು ಬೇಲೂರೋ ಹಳೇಬೀಡೋ? ಎರಡರ ನಡುವೆ ಎಷ್ಟು ದೂರ? ಶ್ರವಣಬೆಳಗೊಳವೂ ಅದೇ ದಿನ ಆಗುತ್ತದೆಯೋ? ಹೇಳಲಾರೆನೆಂದು ಮನಸ್ಸು ಹಟ ಹಿಡಿದಿದ್ದರೂ ಬಾಯಿ ಕೇಳಲಿಲ್ಲ. ಹದಿನಾರು ಕಿಲೋಮೀಟರ್ ಎಂದಿತು, ಬೆಟ್ಟವನ್ನು ಬಿಸಿಲೇರುವ ಮುಂಚೆ ಹತ್ತಿಬಿಡಿ ಎಂದಿತು, ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಆನೆಯ ಸಾಲಿನಿಂದ ನೋಡುತ್ತಾ ಮೇಲೆ ಹೋಗಬೇಕೆಂದಿತು. ಕೊನೆಗೆ ನಾನು ತಟ್ಟೆಯ ಅಂಚಿನಲ್ಲಿ ಸಾಗುವಿನಿಂದ ಹಾಸನವನ್ನೂ ಗೋಡಂಬಿಯಿಂದ ಬೇಲೂರನ್ನೂ ಗುರುತಿಸಿ ದಾರಿ ತೋರಿಸುತ್ತಿದ್ದೆ. ಮಾಣಿ ಬಂದು ತಟ್ಟೆ ಎತ್ತಬಹುದೇ ಎಂದು ಕೇಳಿದಾಗ ಹುಡುಗಿ, “ಒಂದ್ನಿಮಿಷ, ಹಳೇಬೀಡು ಇನ್ನೂ ಇದೆ” ಎಂದು ತಡೆದಳು. ನನ್ನ ಉಳಿದ ಇಡ್ಲಿ ಆರಿ ತಣ್ಣಗಾಗಿತ್ತು.

ಮಿನರ್ವ ಸರ್ಕಲ್ಲಿನ ಹತ್ತಿರ ಬೇಕರಿಯ ಕೆಲಸ ಬೇಗ ಮುಗಿಯಿತು. ಗಲ್ಲಾದಲ್ಲಿದ್ದವರು ನನ್ನ ಮಾತಿನ ಧಾಟಿ ಕೇಳಿಯೇ “ನಮ್ದೂ ಅರಕಲಗೂಡಿನ ಕಡೆ” ಎಂದು ಎರಡು ಬಿಸ್ಕತ್ತು ಹೆಚ್ಚಿಗೆ ಹಾಕಿದರು.

ಆಟೋದಲ್ಲಿ ಕಸ್ತೂರಬಾ ರಸ್ತೆಗೆ ಹೋಗಿ, 1865ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡ ಹೊಕ್ಕೆ. ಒಳಗೆ ಹೋಗಿ ನೋಡಿದರೆ ಹಳೇಬೀಡಿನ ಶಿಲ್ಪಗಳು! ನಮ್ಮ ಮನೆಯಿಂದ ಮೂವತ್ತು ಕಿಲೋಮೀಟರಿನ ಕಲ್ಲನ್ನು ನೋಡಲು ನೂರೆಂಬತ್ತು ಕಿಲೋಮೀಟರ್ ಬಂದಿದ್ದೆ. “ಇದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೃದು, ಗಾಳಿ ತಾಗಿದ ಮೇಲೆ ಗಟ್ಟಿ” ಎಂದು ಯಾರೋ ಗಟ್ಟಿಯಾಗಿ ವಿವರಿಸುತ್ತಿರುವುದು ಕೇಳಿಸಿತು. ನಾನೇ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಬಾಗಿಲ ಬಳಿಯ ಕಾವಲುಗಾರರೊಬ್ಬರನ್ನು ಬಿಟ್ಟರೆ. ಅವರು ಸ್ವಲ್ಪ ದೂರ ಸರಿದು ನಿಂತರು.

ಆದರೆ ಆತಕೂರಿನ ಶಾಸನದ ಮುಂದೆ ನಾನು ನಿಜವಾಗಿಯೂ ಮೌನವಾದೆ. ಹತ್ತನೆಯ ಶತಮಾನದ್ದು. ತಕ್ಕೋಲದಲ್ಲಿ ಚೋಳರ ವಿರುದ್ಧ ಪರಾಕ್ರಮ ಮೆರೆದ ಮಣಲೇರನಿಗೆ ಏನು ಬೇಕೋ ಕೇಳು ಎಂದರೆ, ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿಯೂ ಹಂದಿಯೂ ಎದುರುಬದುರು ಕಾದಾಡುತ್ತಿರುವುದನ್ನು ಮೇಲೆ ಕೆತ್ತಿದ್ದಾರೆ. ಒಂದೇ ಒಂದು ಹಂದಿಯನ್ನು ಎದುರಿಸಿದ್ದಕ್ಕೆ ಸಾವಿರ ವರ್ಷ ಬಾಳುವ ಕಲ್ಲು ನಿಲ್ಲಿಸಿದ ನಾಡಿದು. ಇಪ್ಪತ್ತೊಂಬತ್ತು ವರ್ಷ ನೆಂಟರನ್ನು ಎದುರಿಸಿದವಳ ಹೆಸರಿನಲ್ಲಿ ಸಾಲಗಾಮೆ ರಸ್ತೆಯಲ್ಲಿ ಒಂದು ಮೈಲಿಗಲ್ಲಾದರೂ ಬೇಡವೇ ಎಂದು ಯೋಚಿಸುತ್ತಾ ಹೊರಬಂದೆ.

ಸಂಜೆ ಎಂ.ಜಿ. ರಸ್ತೆಯ ಹತ್ತಿರ ಐಸ್‌ಕ್ರೀಮ್ ಅಂಗಡಿಯೊಂದರಲ್ಲಿ, ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದನ್ನು ಹೇಳಿದೆ. ಹುಡುಗ ಹೂಕುಂಡದಂಥ ಲೋಟವನ್ನು ತಂದಿಟ್ಟು, ಜೊತೆಗೆ ಎರಡು ಚಮಚ ಇಟ್ಟ. ಒಂದನ್ನು ಹಿಂದಕ್ಕೆ ಕೊಟ್ಟೆ. “ಇರಲಿ ಮೇಡಂ, ಸರ್ ಬರ್ತಾರಲ್ಲ” ಎಂದ. ಸರ್ ನೂರೆಂಬತ್ತು ಕಿಲೋಮೀಟರ್ ದೂರದಲ್ಲಿ ಮಜ್ಜಿಗೆ ಹುಡುಕುತ್ತಿದ್ದಾರೆಂದು ಅವನಿಗೆ ಹೇಗೆ ವಿವರಿಸಲಿ? ಮೇಲಿನ ಅರ್ಧವನ್ನು ಒಂದು ಚಮಚದಲ್ಲೂ ಕೆಳಗಿನ ಅರ್ಧವನ್ನು ಇನ್ನೊಂದರಲ್ಲೂ ತಿಂದು, ಇಬ್ಬರ ಪಾಲನ್ನೂ ಒಬ್ಬಳೇ ಮುಗಿಸಿದೆ.

ಆ ಭಾರದಲ್ಲಿಯೇ ಮೆಟ್ರೊ ನಿಲ್ದಾಣ ಹೊಕ್ಕು, ಮೆಜೆಸ್ಟಿಕ್‌ಗೆ ಯಾವ ಮೆಟ್ಟಿಲು ಹತ್ತಬೇಕೆಂದು ತಿಳಿಯದೆ ನಿಂತಿದ್ದಾಗ, ನನ್ನ ವಯಸ್ಸಿನವರೇ ಒಬ್ಬರು ಬಂದು ಕೈ ಹಿಡಿದುಕೊಂಡರು. “ಒಬ್ಬರೇ ಬಂದಿದ್ದೀರಾ? ಮನೆ ಎಲ್ಲಿ?” ಎಂದರು. “ಕೆ.ಆರ್. ಪುರಂ” ಎಂದೆ. ಮನೆ ಎಲ್ಲಿ ಎಂದು ಯಾರು ಕೇಳಿದರೂ ಇಪ್ಪತ್ತೊಂಬತ್ತು ವರ್ಷಗಳಿಂದ ನಾನು ಹೇಳುತ್ತಿರುವುದು ಅದನ್ನೇ. “ನಂದೂ ಅಲ್ಲೇ, ಬನ್ನಿ ಬನ್ನಿ, ಗಾಡಿ ಬಂತು” ಎಂದು ಎಳೆದುಕೊಂಡೇ ಹೋದರು. ಹಾಸನದವರೊಬ್ಬರು ಸಿಕ್ಕಿದರಲ್ಲ ಎಂದು ಹಿಗ್ಗಿದೆ. ಸೀಟೂ ಸಿಕ್ಕಿತು.

“ಇಳಿದ ಮೇಲೆ ನಿಮ್ಮನೆ ದೂರಾನಾ?” ಎಂದರು ಅವರು.

“ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹತ್ತು ನಿಮಿಷ.”

“ಯಾವ ಕಡೆ? ದೇವಸಂದ್ರದ ಕಡೇನಾ?”

“ಇಲ್ಲ, ಸಾಲಗಾಮೆ ರಸ್ತೆ.”

“ಹೊಸ ಬಡಾವಣೆ ಇರಬೇಕು” ಎಂದು ಅವರು ತಮ್ಮಷ್ಟಕ್ಕೇ ಸಮಾಧಾನ ಮಾಡಿಕೊಂಡರು. ಹೊಸದೇನಲ್ಲ, ಹಳೆಯದೇ ಎಂದು ನಾನು ತಿದ್ದುವಷ್ಟರಲ್ಲಿ ಇಂದಿರಾನಗರ ಬಂತೆಂದು ಗಾಡಿ ಸಾರಿತು. ಬೆಳಿಗ್ಗೆ ಯಜಮಾನರು ತೋರಿಸಿದ ನಕ್ಷೆ ಕಣ್ಣ ಮುಂದೆ ಬಂತು. ಇಂದಿರಾನಗರ ಇದ್ದದ್ದು ಮೆಜೆಸ್ಟಿಕ್‌ನ ಕಡೆಗಲ್ಲ, ರಾಮಮೂರ್ತಿನಗರದ ಕಡೆಗೆ. ಬೆಂಗಳೂರಿಗೂ ಒಂದು ಕೆ.ಆರ್. ಪುರಂ ಇದೆಯೆಂಬುದು ನನಗೆ ತಿಳಿಯದ ವಿಷಯವೇನಲ್ಲ. ಆದರೆ ತಿಳಿದದ್ದೆಲ್ಲ ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ? ಅಷ್ಟು ಪ್ರೀತಿಯಿಂದ ಕೈ ಹಿಡಿದವರಿಗೆ ನಿಜ ಹೇಳಲು ನಾಚಿಕೆಯಾಗಿ, ಅವರೊಡನೆ ಕೊನೆಯವರೆಗೂ ಹೋಗಿ ಕೆ.ಆರ್. ಪುರದಲ್ಲೇ ಇಳಿದು, ಅವರು ಗೇಟು ದಾಟಿ ಮರೆಯಾಗುವವರೆಗೆ ಪರ್ಸಿನಲ್ಲಿ ಏನನ್ನೋ ಹುಡುಕುತ್ತಾ ನಿಂತೆ. ದಿನವೆಲ್ಲ ಯಾರ ಮನೆಯನ್ನು ತಪ್ಪಿಸಿಕೊಂಡು ತಿರುಗಿದೆನೋ ಆ ಮನೆಯ ಮಗ್ಗುಲಿಗೇ ನನ್ನನ್ನು ತಂದು ನಿಲ್ಲಿಸಲಾಗಿತ್ತು.

ಫೋನು ಹೊಡೆದುಕೊಂಡಿತು. ನಾದಿನಿ.

“ಅತ್ತಿಗೆ, ಎಲ್ಲಿದ್ದೀರಿ?”

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಎದುರಿಗೆ ಆಳೆತ್ತರದ ಅಕ್ಷರಗಳಲ್ಲಿ ಬರೆದಿದ್ದನ್ನೇ ಓದಿ ಹೇಳಿದೆ. “ಕೆ.ಆರ್. ಪುರಂನಲ್ಲಿ.”

“ಅದಕ್ಕೇ ನಾನು ಇವರಿಗೆ ಹೇಳಿದೆ, ಅತ್ತಿಗೆ ಮನೆಯಲ್ಲೇ ಇರ್ತಾರೆ ಅಂತ. ಇವರ ಹಳೇ ಆಫೀಸಿನವರೊಬ್ಬರು ಲಾಲ್‌ಬಾಗಿನಲ್ಲಿ ನಿಮ್ಮನ್ನ ಕಂಡೆ ಅಂದ್ರಂತೆ. ಬಂಡೆ ಮೇಲೆ ಚಪ್ಪಲಿ ಹಿಡ್ಕೊಂಡು ಬೆರಳು ಚೀಪುತ್ತಾ ಕೂತಿದ್ರಂತೆ. ನಮ್ಮತ್ತಿಗೆ ಅಂಥವರಲ್ಲ ಅಂತ ನಾನು ಜಗಳವೇ ಆಡಿಬಿಟ್ಟೆ.”

ನನ್ನ ಪರವಾಗಿ ಅವಳು ಜಗಳವಾಡಿದ್ದು ಆ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅದೇ ಮೊದಲು. ಗಂಟಲು ಕಟ್ಟಿತು. ಮುಂದಿನ ಭಾನುವಾರ ಅವಳ ಓರಗಿತ್ತಿಯ ಮನೆಯವರು ಬೇಲೂರು ನೋಡಲು ಬರುವರೆಂದೂ, ಆರು ಜನ ಎಂದೂ ಹೇಳಿ ಫೋನಿಟ್ಟಳು. ನಾನು ಆಚೆಯ ಪ್ಲಾಟ್‌ಫಾರ್ಮಿಗೆ ದಾಟಿ, ಮೆಜೆಸ್ಟಿಕ್ ಸೇರಿ, ರಾತ್ರಿ ಹನ್ನೆರಡರ ಹೊತ್ತಿಗೆ ನಿಜವಾದ ಕೆ.ಆರ್. ಪುರಂ ತಲುಪಿದೆ.

ಭಾನುವಾರ ಆರು ಜನರ ಜೊತೆಗೆ ನಾದಿನಿಯೂ ಬಂದಿಳಿದಳು. ನಾನು ಒಳಗೆ ಕಾಫಿ ಸೋಸುತ್ತಿದ್ದಾಗ, ತಂಗಿಯ ಮೇಲಿನ ಅಕ್ಕರೆ ಉಕ್ಕಿದ ಯಜಮಾನರು ಉಳಿದಿದ್ದ ಕೊಬ್ಬರಿ ಬಿಸ್ಕತ್ತುಗಳನ್ನು ಕವರಿನ ಸಮೇತ ತಂದು ಅವಳ ಮುಂದಿಟ್ಟರು. ಲೋಟಗಳನ್ನು ಹಿಡಿದು ನಾನು ನಡುಮನೆಗೆ ಬಂದಾಗ ಅವಳು ಬಿಸ್ಕತ್ತು ಮೆಲ್ಲುತ್ತಾ, ಕವರನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದುತ್ತಿದ್ದಳು.

“ಅತ್ತಿಗೆ,” ಎಂದಳು, “ಹಾಸನದಲ್ಲೂ ಒಂದು ಮಿನರ್ವ ಸರ್ಕಲ್ ಇದೆಯಾ?”