ವಕೀಲರಿಗೆ ಮಾನಸಿಕ ಆರೋಗ್ಯದ ತರಬೇತಿ ಕಡ್ಡಾಯವಾಗಬೇಕೆ?

ಪರ

ಈ ಪಕ್ಷದ ವಕಾಲತ್ತು ನನ್ನ ಪಾಲಿಗೆ ಬಂದಿದೆ. ಕಡ್ಡಾಯ ಎಂದರೆ ನನಗೂ ಒಂಚೂರು ಇರಿಸುಮುರಿಸೇ. ಆದರೂ ವಾದಿಸಲು ಬೇಕಾದಷ್ಟು ಸಾಮಗ್ರಿ ಇದೆ.

ಅಮೆರಿಕದಲ್ಲಿ ಸುಮಾರು 12,800 ವಕೀಲರನ್ನು ಸಮೀಕ್ಷೆ ಮಾಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಶೇ. 28ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಐವರಲ್ಲಿ ಒಬ್ಬರ ಕುಡಿತ ಅಪಾಯದ ಮಟ್ಟ ಮುಟ್ಟಿತ್ತು, ಅದರಲ್ಲೂ ವೃತ್ತಿಗೆ ಬಂದು ಹತ್ತು ವರ್ಷ ತುಂಬದವರಲ್ಲಿ ಹೆಚ್ಚು. ನೆರವು ಕೇಳಲು ಅಡ್ಡಿಯೇನು ಎಂಬುದಕ್ಕೆ ಮುಖ್ಯವಾಗಿ ಬಂದ ಉತ್ತರ, ಬೇರೆಯವರಿಗೆ ಗೊತ್ತಾದೀತು ಎಂಬ ಅಂಜಿಕೆ.

ಇಷ್ಟವಿದ್ದವರು ಬನ್ನಿ ಎಂದರೆ ಮೊದಲು ಎದ್ದವನ ಮೇಲೆ ಎಲ್ಲರ ಕಣ್ಣು. ಎಲ್ಲರೂ ಕೂರಲೇಬೇಕು ಎಂದಾಗ ಯಾರು ಯಾಕೆ ಕೂತಿದ್ದಾರೆಂದು ಯಾರೂ ಕೇಳುವುದಿಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ 2017ರ ಮಾದರಿ ನಿಯಮದಲ್ಲಿ ಹೇಳಿದ್ದು ಮೂರು ವರ್ಷಕ್ಕೊಂದು ಗಂಟೆ, ಅಷ್ಟೇ. ಅಷ್ಟೂ ಬಿಡುವಿಲ್ಲ ಎನ್ನುವವರಿಗೇ ಅದು ಮೊದಲು ಬೇಕು. ವಕೀಲ ಬಳಲಿ ಗಡುವು ತಪ್ಪಿಸಿಕೊಂಡರೆ ನಷ್ಟ ತೆರುವವನು ಕಕ್ಷಿದಾರ.

ಒಂದು ಗಂಟೆಯಲ್ಲಿ ಯಾರೂ ಗುಣವಾಗುವುದಿಲ್ಲ, ಒಪ್ಪಿದೆ. ಯಾರಿಗೆ ಫೋನ್ ಮಾಡಬೇಕೆಂದಾದರೂ ತಿಳಿದಿರುತ್ತದೆ.

ವಿರೋಧ

ಬೇಡ. ಕೆಲಸದ ಹೊರೆ ಇಳಿಸಿ, ಸಾಕು.

ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ದೊಡ್ಡ ಸಂಸ್ಥೆಗಳಲ್ಲಿ ಕಿರಿಯ ವಕೀಲರಿಗೆ ವರ್ಷಕ್ಕೆ 1,900, 2,000 ಗಂಟೆಗಳ ಗುರಿ ಮಾಮೂಲು. ಬಿಲ್ಲಿಗೆ ಬಾರದ ಕೆಲಸ ಅದರ ಮೇಲೆ. ತರಬೇತಿಯ ಗಂಟೆಯನ್ನು ಯಾವ ಕಕ್ಷಿದಾರನ ಹೆಸರಿಗೆ ಬರೆಯೋಣ? ಅದನ್ನೂ ರಾತ್ರಿ ನಿದ್ದೆಗೆಟ್ಟು ತುಂಬಿಸಿಕೊಡಬೇಕು. ಹೊರೆ ಹೊರಿಸಿದವರೇ ಹೊರುವವನಿಗೆ ಉಸಿರಾಟ ಹೇಳಿಕೊಡುತ್ತಾರಂತೆ! ಇನ್ನು ಅಂಜಿಕೆಯ ಮಾತು. ಸೋತ ಕೇಸನ್ನೂ ಗೆದ್ದಂತೆ ವರ್ಣಿಸುವ ನಮ್ಮವರಿಗೆ ಅಂಜಿಕೆಯೇ? ಬಿಡಿ.

ನಾನು ಜೂನಿಯರ್ ಆಗಿದ್ದಾಗ ಮಗುವೊಂದರ ಕೊಲೆ ಕೇಸಿನ ಫೈಲು ನನ್ನ ಮೇಜಿಗೆ ಬಂತು. ಮರಣೋತ್ತರ ಪರೀಕ್ಷೆಯ ಫೋಟೋಗಳು ಅದರ ನಡುವೆಯೇ ಇದ್ದವು. ಒಂದು ತಾರೀಖು ಹುಡುಕಲು ಹೋದರೂ ಅವು ಕಣ್ಣಿಗೆ ಬೀಳುತ್ತಿದ್ದವು. ಪಾಟೀಸವಾಲಿಗೆ ತಯಾರಿ ಮಾಡುವವನು ಫೈಲನ್ನು ದಿನಕ್ಕೆ ಹತ್ತಾರು ಸಲ ತಿರುವಬೇಕಾಗುತ್ತದೆ. ಊಟ ಸೇರುತ್ತಿರಲಿಲ್ಲ. ಸೀನಿಯರ್ ಗಮನಿಸಲಿಲ್ಲ, ಅವರಿಗೆ ಅಂಥ ಫೈಲು ನೂರಾರು ದಾಟಿಹೋಗಿದ್ದವು. ಗಮನಿಸಿದ್ದು ಆಫೀಸಿನ ಗುಮಾಸ್ತರು. ಒಂದು ಬೆಳಗ್ಗೆ ನೋಡಿದರೆ ಫೋಟೋಗಳೆಲ್ಲ ಬೇರೆ ಲಕೋಟೆಯೊಳಗೆ, ಮೇಲೆ ಅವರ ದುಂಡಕ್ಷರ: ‘ಬೇಕಾದಾಗ ಮಾತ್ರ ತೆಗೆಯುವುದು’. ಆಮೇಲೆ ಸೀನಿಯರ್ ಕೋಣೆಗೆ ಹೋಗಿ, “ಸಾರ್, ಹುಡುಗನಿಗೆ ನಡುವೆ ಎರಡು ಆಸ್ತಿ ವಿಭಾಗದ ದಾವೆ ಕೊಡಿ” ಎಂದರಂತೆ. ಕೊಟ್ಟರು. ಅಣ್ಣತಮ್ಮಂದಿರು ಗೋಡೆಗಾಗಿ ಕಿತ್ತಾಡುವ ಕಾಗದಪತ್ರ ಓದುತ್ತಾ ನನಗೆ ಮತ್ತೆ ನಗು ಬಂತು, ಹಸಿವೂ ಆಯಿತು.

ಗುಮಾಸ್ತರ ಹತ್ತಿರ ಯಾವ ತರಬೇತಿಯ ಪ್ರಮಾಣಪತ್ರವೂ ಇರಲಿಲ್ಲ. ಫೈಲು ಯಾರ ಮೇಜಿಗೆ ಹೋಗಬೇಕು, ಯಾವಾಗ ಹೋಗಬೇಕು ಎಂಬುದು ಗೊತ್ತಿತ್ತು. ಕಡ್ಡಾಯ ಮಾಡುವುದೇ ಇದ್ದರೆ ಅದನ್ನು ಮಾಡಿ: ಅಂಥ ಎರಡು ಕೇಸುಗಳನ್ನು ಬೆನ್ನುಬೆನ್ನಿಗೆ ಒಬ್ಬರಿಗೇ ಕೊಡಕೂಡದು, ರಾತ್ರಿ ಬಂದ ಸಂದೇಶಕ್ಕೆ ಬೆಳಗ್ಗೆ ಉತ್ತರಿಸಿದರೆ ಸಾಕು. ಸೀನಿಯರ್‌ಗಳು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಆದಾಯಕ್ಕೆ ಕತ್ತರಿ ಬೀಳುತ್ತದಲ್ಲ. ತರಬೇತಿಗಾದರೆ ಇವತ್ತೇ ಸಹಿ ಹಾಕುತ್ತಾರೆ.