ಕಾವಿನ ಲೆಕ್ಕವನ್ನು ನಂಬುವುದೋ, ಕೆದಕುವುದೋ?

ಭೂಮಿ ಬಿಸಿಯಾಗುತ್ತಿದೆ, ಬಿಸಿ ಮಾಡುತ್ತಿರುವವನು ಮನುಷ್ಯನೇ ಎಂದು ವಿಜ್ಞಾನ ಹೇಳುತ್ತದೆ. ದಾವಣಗೆರೆ, ಚಿತ್ರದುರ್ಗದ ಬಯಲುಸೀಮೆಯ ಜನ ಈ ಮಾತನ್ನು ಅನುಮಾನದಿಂದ ನೋಡುವುದು ಸರಿಯೇ?

ಪರ: ಅನುಮಾನಕ್ಕೆ ಕಾರಣವಿದೆ

ಇಂಗಾಲದ ಡೈಆಕ್ಸೈಡ್ ಶಾಖ ಹಿಡಿದಿಡುತ್ತದೆ ಎಂಬುದಕ್ಕೆ ಇಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಮಾತು ಪ್ರಯೋಗಾಲಯ ಬಿಟ್ಟು ಹೊಲದ ಬದುವಿಗೆ ಬರುವ ದಾರಿಯ ಬಗ್ಗೆ. ದಾರಿಯ ತುಂಬ ಸೋರಿಕೆ ಇದೆ, ಜನರ ಕಣ್ಣಿಗೆ ಬೀಳುವುದೂ ಆ ಸೋರಿಕೆಯೇ.

ಹೊಲಕ್ಕೆ ಹತ್ತಿರದ ತುದಿಯಿಂದಲೇ ಹಿಡಿಯೋಣ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ಸುಮಾರು 6 ಸಾವಿರ ಸ್ವಯಂಚಾಲಿತ ಮಳೆ ಮಾಪಕಗಳಿವೆ. ಅಡಿಕೆ, ದಾಳಿಂಬೆಯಂಥ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ರೈತ ವಿಮಾ ಮೊತ್ತದ ಶೇ 5 ಕಟ್ಟುತ್ತಾನೆ. ಪರಿಹಾರ ಬರುತ್ತದೋ ಇಲ್ಲವೋ ಎಂಬುದನ್ನು ಯಾರೂ ತೋಟಕ್ಕೆ ಬಂದು ನೋಡಿ ಹೇಳುವುದಿಲ್ಲ, ಮಾಪಕದ ಅಂಕಿ ನೋಡಿ ಹೇಳುತ್ತಾರೆ.

ಆ ಮಾಪಕದ ಹೊಟ್ಟೆಯಲ್ಲಿ ಏನಿದೆ? ಮೇಲೊಂದು ಆಲಿಕೆ. ಅದರ ಕೆಳಗೆ ತಕ್ಕಡಿಯ ಹಾಗೆ ಅತ್ತಿತ್ತ ತೂಗುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದ ಕೂಡಲೇ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಮಗುಚಿದಾಗಲೆಲ್ಲ ಆಯಸ್ಕಾಂತದ ಸ್ವಿಚ್ಚು ಒಂದು ಎಣಿಕೆ ಕಳಿಸುತ್ತದೆ. ಇಷ್ಟೇ. ಆಲಿಕೆಯ ಕಂಡಿಯಲ್ಲಿ ಬೇವಿನ ಎಲೆ, ಹಕ್ಕಿ ಪುಕ್ಕ, ಕೆಮ್ಮಣ್ಣಿನ ಧೂಳು ಕೂತರೆ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅರ್ಧ ಗಂಟೆ ಹೊಡೆದ ಮಳೆ ನಾಲ್ಕು ಗಂಟೆಯ ತುಂತುರಾಗಿ ದಾಖಲಾಗುತ್ತದೆ. ಪೂರ್ತಿ ಮುಚ್ಚಿಕೊಂಡರೆ ಸೊನ್ನೆ. ಕಂಡಿ ಚೊಕ್ಕಟವಾಗಿದ್ದರೂ ಧಾರಾಕಾರ ಸುರಿದಾಗ, ಬಟ್ಟಲು ಮಗುಚುತ್ತಿರುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕ ತಪ್ಪುವುದರಿಂದ ಅಂಕಿ ಕಡಿಮೆಯೇ ಬರುತ್ತದೆ. ಸೋಲಾರ್ ಫಲಕಕ್ಕೆ ಧೂಳು ಮೆತ್ತಿ ಬ್ಯಾಟರಿ ಇಳಿದರಂತೂ ಅಳತೆ ಆದರೂ ಅಂಕಿ ಕೇಂದ್ರಕ್ಕೆ ತಲುಪುವುದಿಲ್ಲ. ಅಡಿಕೆಗೆ ಕೊಳೆರೋಗ ತರುವುದು ಎಡೆಬಿಡದ ಮಳೆ. ಅದನ್ನೇ ಮಾಪಕ ತುಂತುರು ಎಂದು ಬರೆದರೆ ಬೆಳೆಗಾರ ಯಾವ ವಿಜ್ಞಾನವನ್ನು ನಂಬಬೇಕು?

ಇನ್ನು ದೊಡ್ಡ ಲೆಕ್ಕ. ಜಾಗತಿಕ ಹವಾಮಾನ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹೋಳು ಮಾಡುತ್ತವೆ. ಬಹಳಷ್ಟು ಮಾದರಿಗಳಲ್ಲಿ ಒಂದು ಚೌಕದ ಅಂಚು ಸುಮಾರು 100 ಕಿ.ಮೀ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60 ಕಿ.ಮೀ. ಚಿಲ್ಲರೆ. ಭದ್ರಾ ನಾಲೆಯ ಗದ್ದೆಯೂ ಚಿತ್ರದುರ್ಗದ ಕಲ್ಲುಗುಡ್ಡವೂ ಒಂದೇ ಚೌಕದೊಳಗೆ ಬಂದುಬಿಡಬಹುದು. ಘಟ್ಟದ ಮರೆಯ ಈ ನಾಡಿನಲ್ಲಿ ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವಂಥ ಮಳೆ ಬೀಳುತ್ತದೆ. ಇಂಥ ಕಡೆ ಚೌಕದ ಸರಾಸರಿ ಹಿಡಿದುಕೊಂಡು ‘2050ಕ್ಕೆ ನಿಮ್ಮ ತಾಲ್ಲೂಕಿನಲ್ಲಿ ಇಷ್ಟು ಮಳೆ’ ಎಂದು ಕೈಪಿಡಿ ಅಚ್ಚು ಹಾಕಿದರೆ ನಗು ಬರುತ್ತದೆ.

ವಿಜ್ಞಾನದ ಯಜಮಾನರೂ ಜಾರಿದ್ದಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2007ರ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದು ಎಂದು ಬರೆಯಿತು. 2009ರಲ್ಲಿ ಭೂವಿಜ್ಞಾನಿ ವಿ.ಕೆ. ರೈನಾ ಬರೆದ ಬೇರೆಯದೇ ಅಭಿಪ್ರಾಯದ ಪ್ರಬಂಧವನ್ನು ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬಿಡುಗಡೆ ಮಾಡಿದಾಗ, ಸಮಿತಿಯ ಅಧ್ಯಕ್ಷ ಆರ್.ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂದು ಜರೆದರು. 2010ರ ಜನವರಿಯಲ್ಲಿ ಸಮಿತಿ ಆ ವಾಕ್ಯವನ್ನೇ ವಾಪಸು ತೆಗೆದುಕೊಂಡಿತು. ಪ್ರಶ್ನೆ ಕೇಳಿದವರನ್ನು ಹೀಗಳೆದು ಆಮೇಲೆ ತಿದ್ದಿಕೊಂಡರೆ ಮುಂದಿನ ಸಲ ಸರಿಯಾಗಿ ಹೇಳಿದ್ದನ್ನೂ ಜನ ಅರ್ಧ ಕಿವಿಯಲ್ಲಿ ಕೇಳುತ್ತಾರೆ.

ರಾಜಕೀಯ ಬೇರೆ. ಹೆಚ್ಚು ಹೊಗೆ ಬಿಟ್ಟ ಅಮೆರಿಕದ ಸೆನೆಟ್ 1997ರಲ್ಲಿ, ಬಡ ದೇಶಗಳಿಗೂ ಕಟ್ಟುಪಾಡು ಹಾಕದ ಒಪ್ಪಂದ ಬೇಡ ಎಂದು 95–0 ಮತದಿಂದ ನಿರ್ಣಯ ಮಾಡಿತು. ಹೊಗೆ ತಗ್ಗಿಸುವ ಪ್ಯಾರಿಸ್ ಒಪ್ಪಂದವನ್ನು ಆ ದೇಶ ಬಿಟ್ಟಿತು, ಸೇರಿತು, 2025ರಲ್ಲಿ ಮತ್ತೆ ಬಿಡಲು ಹೊರಟಿತು. ಇಲ್ಲಿ ಮಾತ್ರ ನೀರು ನಿಂತ ಗದ್ದೆಯಿಂದ ಏಳುವ, ಶಾಖ ಹಿಡಿದಿಡುವ ಮೀಥೇನ್ ಅನಿಲದ ಲೆಕ್ಕ. ಗದ್ದೆಗೆ ನೀರು ಕಟ್ಟಿ, ಆರಿಸಿ, ಮತ್ತೆ ಕಟ್ಟಿ ಎನ್ನುತ್ತಾರೆ: ತೂತು ಕೊರೆದ 30 ಸೆಂ.ಮೀ. ಪೈಪನ್ನು ಅರ್ಧ ಹೂಳಬೇಕು, ಒಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ಹಾಯಿಸಬೇಕು, ಹೂ ಬರುವ ಹೊತ್ತಿಗೆ ಮಾತ್ರ ಆರಿಸಬಾರದು. ವಿಧಾನ ಚೆನ್ನಾಗಿಯೇ ಇದೆ, ಬೋರ್‌ವೆಲ್ ಗುಂಡಿ ಒತ್ತಿದರೆ ನೀರು ಬರುವವರಿಗೆ. ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದವನಿಗೆ ನೀರು ಬರುವುದು ಮೇಲಿನವರು ಬಿಟ್ಟಾಗ. ಪೈಪಿನಲ್ಲಿ ನೀರು ಇಳಿದ ದಿನವೇ ನಾಲೆಗೆ ಸರದಿ ಬರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಸಿಕ್ಕಾಗ ತುಂಬಿಸಿಟ್ಟುಕೊಳ್ಳುವ ಅವನ ಅಭ್ಯಾಸ ಮೂರ್ಖತನವಲ್ಲ.

ಎಲ್ಲಕ್ಕಿಂತ ಕಿರಿಕಿರಿ, ‘ಹವಾಮಾನ ವೈಪರೀತ್ಯ’ ಎಂಬ ಪದ ಎಲ್ಲ ತಪ್ಪಿಗೂ ಹೊದಿಸುವ ಕಂಬಳಿಯಾಗಿರುವುದು. ಅಂತರ್ಜಲ ಬತ್ತಿತೇ? ವೈಪರೀತ್ಯ. ಒಂದು ಲೆಕ್ಕ ಹಾಕಿ ನೋಡಿ. 9 ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಗಿಡ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೇ ಗಿಡಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ 10,800 ಲೀಟರ್. 120 ದಿನಕ್ಕೆ 13 ಲಕ್ಷ ಲೀಟರ್. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಅಂದರೆ 4 ಸಾವಿರ ಲೀಟರ್ ಚಿಲ್ಲರೆ, ಹಾಗಾಗಿ ಇದು 320 ಮಿ.ಮೀ. ಮಳೆಗೆ ಸಮ. ವರ್ಷದ ಸರಾಸರಿ 600 ಮಿ.ಮೀ. ಮುಟ್ಟದ ಚಿತ್ರದುರ್ಗ ಜಿಲ್ಲೆಯಲ್ಲಿ, ಬಿದ್ದ ಮಳೆಯಲ್ಲಿ ನೆಲಕ್ಕಿಳಿಯುವುದೇ ಸ್ವಲ್ಪ ಭಾಗವಾಗಿರುವಾಗ, ಬೋರ್‌ವೆಲ್ ಎಂಟುನೂರು, ಸಾವಿರ ಅಡಿಗೆ ಇಳಿಯಲು ಇಂಗಾಲದ ಹೆಸರು ಹೇಳಬೇಕಿಲ್ಲ. ಹೂಳು ತುಂಬಿದ ಕೆರೆಗೂ, ಒತ್ತುವರಿಯಾದ ರಾಜಕಾಲುವೆಗೂ ಅದನ್ನೇ ಕಾರಣ ಮಾಡಿದರೆ ಅನುಮಾನ ಹುಟ್ಟದೆ ಇನ್ನೇನು ಹುಟ್ಟೀತು?

ವಿರೋಧ: ಅನುಮಾನ ಸರಿ, ವಿಳಾಸ ತಪ್ಪು

ಆಲಿಕೆಯಲ್ಲಿ ಬೇವಿನ ಎಲೆ ಕೂತಿದ್ದರೆ ಏಣಿ ಹಾಕಿ ತೆಗೆಯಬೇಕು. ಎಲೆ ಕೂತಿದ್ದಕ್ಕೆ ಭೂಮಿ ಬಿಸಿಯಾಗುವುದು ಸುಳ್ಳಾಗುವುದಿಲ್ಲ. ಪರವಾಗಿ ಮಂಡಿಸಿದ ದೂರುಗಳಲ್ಲಿ ಮುಕ್ಕಾಲು ವಿಮೆಯ ಮೇಲೆ, ನಾಲೆಯ ಮೇಲೆ, ಆಡಳಿತದ ಮೇಲೆ. ಅವು ನಿಜ, ಅಡಿಕೆಯ ಲೆಕ್ಕವಂತೂ ಗೋಡೆಗೆ ಬರೆಸುವಂಥದ್ದು. ಆದರೆ ಅರಳಿಕಟ್ಟೆಯ ಮೇಲೆ ನಡೆಯುವ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲ. ‘ಅಂಕಿಗಳನ್ನೇ ತಿರುಚಿದ್ದಾರೆ, ಎಲ್ಲ ಫಾರಿನ್ನವರ ನಾಟಕ’ ಎನ್ನುವವರೆಗೂ ಅದು ಹೋಗುತ್ತದೆ. ಉತ್ತರ ಬೇಕಾಗಿರುವುದು ಈ ಮಾತಿಗೆ.

ನಾಟಕವಾಗಿದ್ದರೆ ಬಹಳ ಹಳೆಯ ನಾಟಕ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದದ್ದೇ ಹೆಚ್ಚು ಕಾದದ್ದನ್ನು ಕಂಡರು. 1859ರಲ್ಲಿ ಐರ್ಲೆಂಡ್ ಮೂಲದ ವಿಜ್ಞಾನಿ ಜಾನ್ ಟಿಂಡಲ್ ಇಂಥ ಅನಿಲಗಳು ಶಾಖ ಹೀರುವುದನ್ನು ಅಳೆದರು. 1896ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ ಅದನ್ನು ಭೂಮಿಯ ಕಾವಿಗೆ ಲೆಕ್ಕ ಹಾಕಿದರು. ಆಗ ಹವಾಮಾನ ಸಮಿತಿಯೂ ಇರಲಿಲ್ಲ, ಹೊಗೆ ತಗ್ಗಿಸಿದ್ದಕ್ಕೆ ದುಡ್ಡು ತರುವ ಕಾರ್ಬನ್ ಕ್ರೆಡಿಟ್ಟೂ ಇರಲಿಲ್ಲ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಶುರುಮಾಡಿದಾಗ ಹತ್ತು ಲಕ್ಷದಲ್ಲಿ 315 ಪಾಲು ಇದ್ದದ್ದು ಈಗ 420 ದಾಟಿದೆ. ಸೂರ್ಯನೇ ಕಾರಣ ಎನ್ನುವುದಾದರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು. ಕೆಳಗಿನದು ಕಾಯುತ್ತಿದೆ, ಮೇಲಿನದು ತಣ್ಣಗಾಗುತ್ತಿದೆ. ಕಂಬಳಿ ಹೊದ್ದಾಗ ಆಗುವುದು ಹೀಗೆಯೇ.

ಈಗ ತಿರುಚಿದ ಅಂಕಿಯ ಮಾತು. ಹೌದು, ಹಳೆಯ ಅಂಕಿಗಳನ್ನು ತಿದ್ದುತ್ತಾರೆ. ಎಲ್ಲಿ, ಯಾಕೆ ಎಂದು ಕೇಳಬೇಕು. ಎರಡನೇ ಮಹಾಯುದ್ಧಕ್ಕೆ ಮುಂಚೆ ಸಮುದ್ರದ ನೀರಿನ ಉಷ್ಣತೆ ನೋಡಲು ಹಡಗಿನಿಂದ ಬಕೆಟ್ ಇಳಿಬಿಟ್ಟು ನೀರು ಸೇದಿ ಥರ್ಮಾಮೀಟರ್ ಅದ್ದುತ್ತಿದ್ದರು. ಎಷ್ಟೋ ಹಡಗಿನಲ್ಲಿ ಅದು ದಪ್ಪ ಬಟ್ಟೆಯ ಬಕೆಟ್. ಮೇಲೆಳೆದು ಓದುವಷ್ಟರಲ್ಲಿ ಬಟ್ಟೆಯ ಹೊರಮೈಯಿಂದ ನೀರು ಆವಿಯಾಗಿ, ಮಣ್ಣಿನ ಗಡಿಗೆಯ ನೀರು ತಂಪಾಗುವ ಹಾಗೆ, ಒಳಗಿನ ನೀರೂ ತಂಪಾಗುತ್ತಿತ್ತು. ಅಂದರೆ ಹಳೆಯ ಸಮುದ್ರ ಇದ್ದದ್ದಕ್ಕಿಂತ ತಣ್ಣಗೆ ದಾಖಲಾಗಿದೆ. ಆಮೇಲೆ ಇಂಜಿನ್ನಿಗೆ ಒಳಸೇರುವ ನೀರನ್ನು ಅಳೆಯತೊಡಗಿದರು, ಅದು ಕೊಂಚ ಬೆಚ್ಚಗೆ. ಈ ಎರಡನ್ನು ಹೊಂದಿಸದೆ ಬಿಟ್ಟರೆ ಏರಿಕೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಹೊಂದಿಸಿದ ಮೇಲೆ, ನೆಲ ಮತ್ತು ಸಮುದ್ರ ಸೇರಿಸಿ ನೋಡಿದರೆ, ತಿದ್ದುಪಡಿಗಳು ಒಟ್ಟು ಏರಿಕೆಯನ್ನು ಸ್ವಲ್ಪ ತಗ್ಗಿಸಿವೆ. ಸುಳ್ಳು ಹೇಳಲು ಹೊರಟವರು ತಮ್ಮ ವಾದಕ್ಕೇ ನಷ್ಟವಾಗುವ ಹಾಗೆ ತಿದ್ದುತ್ತಾರೆಯೇ?

ಊರು ಬೆಳೆದು ಥರ್ಮಾಮೀಟರಿನ ಸುತ್ತ ಸಿಮೆಂಟು ಬಂದದ್ದರಿಂದ ಬಿಸಿ ಕಾಣುತ್ತಿದೆ ಎಂಬ ಅನುಮಾನವನ್ನು ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಗಂಭೀರವಾಗಿ ತೆಗೆದುಕೊಂಡು, ಬರ್ಕ್ಲಿಯಲ್ಲಿ ಲೆಕ್ಕವನ್ನು ಮೊದಲಿಂದ ಹಾಕಿಸಿದರು. ಏರಿಕೆ ನಿಜ, ಕಾರಣ ಮನುಷ್ಯ ಎಂದು 2012ರಲ್ಲಿ ಅವರೇ ಬರೆದರು. ಉಪಗ್ರಹ ಬೇರೆ ಹೇಳುತ್ತದೆ ಎನ್ನುವವರೂ ಇದ್ದರು. ಉಪಗ್ರಹಗಳು ಗಾಳಿಯ ಎಳೆತಕ್ಕೆ ಸಿಕ್ಕಿ ನಿಧಾನವಾಗಿ ಕೆಳಗಿಳಿಯುತ್ತಿದ್ದದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವೆಂದು 1998ರಲ್ಲಿ, ಅವು ಒಂದು ಜಾಗದ ಮೇಲೆ ಹಾಯುವ ಹೊತ್ತು ಜರುಗುತ್ತಿದ್ದದ್ದರ ಲೆಕ್ಕದಲ್ಲೂ ತಪ್ಪಿದೆಯೆಂದು 2005ರಲ್ಲಿ ಗೊತ್ತಾಯಿತು. ತಿದ್ದಿದ ಮೇಲೆ ಅದೂ ಏರಿಕೆಯನ್ನೇ ತೋರಿಸಿತು. ಹಿಮನದಿಯ 2035 ಕೂಡ ಹೀಗೇ ತಿದ್ದಿದ ತಪ್ಪು. ಅದನ್ನು ಎತ್ತಿ ತೋರಿಸಿದವರು ಹಿಮನದಿಯ ವಿಜ್ಞಾನಿಗಳೇ.

‘ನಾಳೆಯ ಮಳೆ ಹೇಳಲಾರದವರು 2050ರದ್ದು ಹೇಳುತ್ತಾರಾ?’ ಸ್ವಾತಿ ಮಳೆಯ ಮೂರನೇ ದಿನ ಚಳ್ಳಕೆರೆಯಲ್ಲಿ ಹನಿ ಬೀಳುತ್ತದೋ ಇಲ್ಲವೋ ಯಾರೂ ಹೇಳಲಾರರು. ಅಕ್ಟೋಬರಿನಲ್ಲಿ ಫೆಬ್ರುವರಿಗಿಂತ ಹೆಚ್ಚು ಮಳೆಯೆಂದು ಎಲ್ಲರೂ ಹೇಳಬಲ್ಲರು. ಹವಾಮಾನ ವಿಜ್ಞಾನ ಹೇಳುವುದು ಎರಡನೆಯ ಬಗೆಯದನ್ನು. ತಾಲ್ಲೂಕು ಮಟ್ಟದ ಮಳೆಯ ಭವಿಷ್ಯವನ್ನು ಗಟ್ಟಿಯಾಗಿ ಹೇಳಲು ಬರುವುದಿಲ್ಲ ಎಂಬ ಆಕ್ಷೇಪ ಒಪ್ಪತಕ್ಕದ್ದೇ. ಕಾವಿನ ವಿಚಾರ ಹಾಗಲ್ಲ: 1901ರಿಂದ 2018ರವರೆಗೆ ಭಾರತದ ಸರಾಸರಿ ಸುಮಾರು 0.7 ಡಿಗ್ರಿ ಏರಿದೆ ಎಂದು ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ, ಅದೂ ಹೊಗೆ-ಧೂಳು ಬಿಸಿಲನ್ನು ಒಂದಿಷ್ಟು ತಡೆದು ನಿಲ್ಲಿಸಿದ ಮೇಲೆ. ಒಂದು ಡಿಗ್ರಿ ಏರಿದರೆ ಗಾಳಿ ಶೇ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಅದೇ ಗಾಳಿ ಮಳೆ ಇಲ್ಲದ ವಾರದಲ್ಲಿ ಶೇಂಗಾ ಹೊಲವನ್ನು ಬೇಗ ಒಣಗಿಸುತ್ತದೆ, ಸುರಿಯುವಾಗ ಒಂದೇ ಸಲ ಸುರಿಯುತ್ತದೆ.

ಮಳೆ ನಕ್ಷತ್ರಗಳೇ ಜರುಗಿವೆ ಎನ್ನುವವರಿಗೊಂದು ಮಾತು: ಪಂಚಾಂಗದ ಸೌರಮಾನ ವರ್ಷ ಋತುಚಕ್ರಕ್ಕಿಂತ ವರ್ಷಕ್ಕೆ ಸುಮಾರು 20 ನಿಮಿಷ ಉದ್ದ. ಒಂದು ದಿನ ಜರುಗಲು 70 ವರ್ಷಕ್ಕೂ ಹೆಚ್ಚು ಬೇಕು. ಮಳೆಯಲ್ಲಿ ಹದಿನೈದು ದಿನದ ವ್ಯತ್ಯಾಸ ಕಂಡರೆ ಅದನ್ನು ಪಂಚಾಂಗದ ತಲೆಗೆ ಕಟ್ಟುವ ಹಾಗಿಲ್ಲ.

ಚಿತ್ರದುರ್ಗದ ಸ್ವಂತ ಅನುಮಾನ ಒಂದಿದೆ. ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳು ಮೋಡ ಓಡಿಸುತ್ತವೆ ಎಂಬುದು. ನಗಬೇಕಾದ್ದಿಲ್ಲ, ಪರೀಕ್ಷೆ ಮಾಡಬೇಕಾದ್ದು. ಟೆಕ್ಸಾಸಿನ ಗಾಳಿಯಂತ್ರಗಳ ಸುತ್ತ ಉಪಗ್ರಹದಿಂದ ನೋಡಿದ 2012ರ ಅಧ್ಯಯನದಲ್ಲಿ ರಾತ್ರಿ ನೆಲ ಸ್ವಲ್ಪ ಬೆಚ್ಚಗಾಗುವುದು ಕಂಡಿತು: ರಾತ್ರಿ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯದು ಪದರವಾಗಿ ನಿಂತಿರುತ್ತದೆ; ರೆಕ್ಕೆಗಳು ಎರಡನ್ನೂ ಕಲಕುತ್ತವೆ. ಹೊಸ ಶಾಖವೇನೂ ಹುಟ್ಟುವುದಿಲ್ಲ. ಮೋಡದ ವಿಚಾರಕ್ಕೆ ಬಂದರೆ, ರೆಕ್ಕೆಯ ತುದಿ ನೆಲದಿಂದ ನೂರು, ನೂರೈವತ್ತು ಮೀಟರ್. ಚಿತ್ತಾ ಮಳೆ ಸುರಿಸುವ ಗುಡುಗು ಮೋಡದ ಎತ್ತರ ಹತ್ತು ಕಿ.ಮೀ. ಆಸುಪಾಸು. ಬೀಸಣಿಗೆ ಹಿಡಿದು ತೇರು ತಳ್ಳಿದ ಹಾಗೆ. ಇನ್ನು, 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಬರ ಎಲ್ಲಿದೆ ಎನ್ನುತ್ತಾರೆ. ಭದ್ರೆಯಿಂದ ಎತ್ತಿ ಹರಿಸಿದ ನೀರೂ ಅದರಲ್ಲಿತ್ತು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ.

ರಾಜಕೀಯದ ವಿಚಾರದಲ್ಲಿ ಪರ ವಾದ ತನ್ನ ಕೊಂಬೆಯನ್ನೇ ಕಡಿಯುತ್ತಿದೆ. ಹೆಚ್ಚು ಹೊಗೆ ಬಿಟ್ಟವರು ಹೆಚ್ಚು ಕೊಡಬೇಕು ಎಂಬ ಭಾರತದ ಬೇಡಿಕೆ ನಿಂತಿರುವುದೇ ಈ ವಿಜ್ಞಾನದ ಮೇಲೆ. ಹೊಗೆಗೂ ಕಾವಿಗೂ ಸಂಬಂಧವಿಲ್ಲ ಎಂದಾದರೆ ಅಮೆರಿಕ ನಮಗೆ ಬಿಡಿಗಾಸೂ ಬಾಕಿ ಇಲ್ಲ. ಎಕ್ಸಾನ್ ತೈಲ ಕಂಪನಿಯ ವಿಜ್ಞಾನಿಗಳು 1982ರಲ್ಲಿ ಒಳಗೊಳಗೇ ಬರೆದಿಟ್ಟ ಅಂದಾಜು ಈಗಿನ ಅಳತೆಗೆ ಹತ್ತಿರವಿದೆ. ಕಂಪನಿ ಹೊರಗೆ ಹಂಚಿದ್ದು ಮಾತ್ರ ಅನುಮಾನ.

ಮಾಪಕದ ಮೇಲೆ ಗುಮಾನಿ ಇರುವವರು ಅದರ ಪಕ್ಕ ಇನ್ನೊಂದು ಇಡಬಹುದು. ನೆಟ್ಟಗಿನ ಗೋಡೆಯ, ತಳದಿಂದ ಬಾಯಿವರೆಗೆ ಒಂದೇ ಅಗಲದ ಡಬ್ಬಿ ಸಾಕು. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ, ಅಲುಗದ ಹಾಗೆ ಇಡಬೇಕು. ಇಲಾಖೆಯ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ, ಅದೇ ಹೊತ್ತಿಗೆ ಸ್ಕೇಲು ಇಳಿಸಿ ಮಿ.ಮೀ. ಬರೆದು ಡಬ್ಬಿ ಬರಿದು ಮಾಡಬೇಕು. ಒಂದು ಮಳೆಗಾಲ ಬರೆದು ಪಂಚಾಯಿತಿ ಅಂಕಿಯ ಪಕ್ಕ ಇಟ್ಟು ನೋಡಿ. 20 ಮಿ.ಮೀ. ಮಳೆಗೆ ಒಂದೆರಡು ಹೆಚ್ಚುಕಡಿಮೆ ಬಂದರೆ ಅದು ಡಬ್ಬಿಯದ್ದೋ ಗಾಳಿಯದ್ದೋ ಕೆಲಸ. ಪ್ರತಿ ಸಲವೂ ಹತ್ತು ಕಡಿಮೆ ಬರುತ್ತಿದ್ದರೆ ಏಣಿ ತರಿಸಿ, ಜೊತೆಗೆ ಬರೆದ ಪುಸ್ತಕವನ್ನೂ ಹಿಡಿದು ವಿಮೆಯವರ ಹತ್ತಿರ ಹೋಗಿ.