ಅಭಿಮಾನಿಗೆ ಹಾಡು ಕೇಳಲು ಪುರುಸೊತ್ತಿಲ್ಲ

ಹೊಸ ಹಾಡು ಬಿಡುಗಡೆಯಾದ ರಾತ್ರಿ ಅಪ್ಪಟ ಅಭಿಮಾನಿಗೆ ಎಷ್ಟು ಕೆಲಸ ಇರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಒಂದು ಫೋನಿನಲ್ಲಿ ಯೂಟ್ಯೂಬ್, ಇನ್ನೊಂದರಲ್ಲಿ ಸ್ಪಾಟಿಫೈ, ಲ್ಯಾಪ್‌ಟಾಪಿನಲ್ಲಿ ಹ್ಯಾಶ್‌ಟ್ಯಾಗ್. ಮೊದಲ 24 ಗಂಟೆಯಲ್ಲಿ ಬಂದ ವ್ಯೂಸ್‌ಗೇ ಬೆಲೆ ಜಾಸ್ತಿ. ಬಳಗದ ಹಿರಿಯರು ಮೊದಲೇ ಸುತ್ತೋಲೆ ಕಳಿಸಿರುತ್ತಾರೆ. ಅದೇ ಹಾಡನ್ನು ಸುಮ್ನೆ ಲೂಪ್ ಹಾಕಬೇಡಿ, ಕೇಳುತ್ತಿರುವುದು ಮನುಷ್ಯನಲ್ಲ, ಯಂತ್ರ ಅಂದುಕೊಂಡು ಲೆಕ್ಕದಿಂದ ತೆಗೆದುಬಿಡುತ್ತಾರೆ. ನಡುನಡುವೆ ಬೇರೆ ಹಾಡು ಹಾಕಿ. ಮ್ಯೂಟ್ ಮಾಡಲೇಬೇಡಿ. ನಿದ್ದೆ ಬಂದರೆ ಇಯರ್‌ಫೋನ್ ಸಿಕ್ಕಿಸಿ, ಫೋನನ್ನು ದಿಂಬಿನಡಿ ಇಟ್ಟು ಮಲಗಿ.

ಹಾಗಾಗಿ ಆ ಗಾಯಕ ರಾತ್ರಿಯಿಡೀ ದಿಂಬಿಗೆ ಹಾಡುತ್ತಾನೆ. ದಿಂಬು ತಕರಾರು ಮಾಡುವುದಿಲ್ಲ.

ಬೆಳಗ್ಗೆ ಕೇಳಿ ನೋಡಿ, ಹಾಡು ಹೇಗಿದೆ ಅಂತ. "ನಾಳೆಯೊಳಗೆ ಹತ್ತು ಕೋಟಿ ದಾಟುತ್ತೆ" ಎಂಬ ಉತ್ತರ ಬರುತ್ತದೆ. ರಾಗ ಹೇಗಿದೆ, ಸಾಹಿತ್ಯ ಹೇಗಿದೆ? ಅದನ್ನೆಲ್ಲ ನೋಡಿಕೊಳ್ಳಲು ಕೆಲಸವಿಲ್ಲದ ಸಾಮಾನ್ಯ ಕೇಳುಗರು ಇದ್ದಾರಲ್ಲ!

ಕೊರಿಯಾದ ಪಾಪ್ ತಂಡಗಳು ಇದನ್ನು ಇನ್ನೂ ಚೆನ್ನಾಗಿ ಅರ್ಥ ಮಾಡಿಕೊಂಡಿವೆ. ಆಲ್ಬಮ್ಮಿನ ಡಬ್ಬಿಯೊಳಗೆ ಸಿಡಿಯ ಜೊತೆ ತಂಡದ ಯಾರಾದರೊಬ್ಬರ ಫೋಟೋ ಕಾರ್ಡ್ ಇರುತ್ತದೆ. ಯಾರದ್ದು ಅಂತ ಒಡೆಯುವವರೆಗೂ ಗೊತ್ತಾಗುವುದಿಲ್ಲ. ತಂಡದಲ್ಲಿ ಏಳು ಜನ ಇದ್ದು, ನಿಮ್ಮ ಇಷ್ಟದವನು ಬರಲಿಲ್ಲವೇ? ಇನ್ನೊಂದು ಕೊಳ್ಳಿ. ಅದರಲ್ಲೂ ಅವನಿಲ್ಲವೇ? ಮತ್ತೊಂದು. ಹೀಗೆ ಸಿಡಿ ಪ್ಲೇಯರೇ ಇಲ್ಲದ ಮನೆಯಲ್ಲಿ ಸಿಡಿಗಳ ರಾಶಿ ಬೀಳುತ್ತದೆ. ಕಲಾವಿದರ ಸಹಿ ಪಡೆಯುವ ಕಾರ್ಯಕ್ರಮಕ್ಕೂ ಲಾಟರಿ. ಹೆಚ್ಚು ಡಬ್ಬಿ ಕೊಂಡವರಿಗೆ ಹೆಚ್ಚು ಅವಕಾಶ. ವ್ಯಾಪಾರ ಅಂದರೆ ಇದು ಸ್ವಾಮಿ, ಮಾಲು ಯಾರಿಗೂ ಬೇಡ, ಡಬ್ಬಿ ಮಾತ್ರ ಎಲ್ಲರಿಗೂ ಬೇಕು.

ಇದು ಇಂದಿನ ಮಕ್ಕಳ ಹುಚ್ಚು ಅಂತ ಹಿರಿಯರು ಮೂಗು ಮುರಿಯುವಂತಿಲ್ಲ. 1965ರಲ್ಲಿ ನ್ಯೂಯಾರ್ಕಿನ ಶೀ ಸ್ಟೇಡಿಯಂಗೆ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡು ಕೇಳಲು 55 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಕಿರುಚಾಟದಲ್ಲಿ ಹಾಡು ಜನರಿಗೂ ಕೇಳಲಿಲ್ಲ, ಹಾಡುವವರಿಗೂ ಕೇಳಲಿಲ್ಲ. ಅಂಥ ಕಾರ್ಯಕ್ರಮಗಳಲ್ಲಿ ಡ್ರಮ್ ಬಾರಿಸುವ ರಿಂಗೋ ಸ್ಟಾರ್, ಮುಂದೆ ನಿಂತವರ ಮೈ ಅಲುಗಾಡುವುದನ್ನು ನೋಡಿ ಹಾಡು ಎಲ್ಲಿಗೆ ಬಂತು ಅಂತ ಅಂದಾಜು ಮಾಡುತ್ತಿದ್ದರಂತೆ. ಮರುವರ್ಷವೇ ತಂಡ ಊರೂರು ಸುತ್ತಿ ಹಾಡುವುದನ್ನು ನಿಲ್ಲಿಸಿತು. ಪಾಪ, ಅವರಿಗಾದರೂ ಹಾಡು ಕೇಳುವ ಆಸೆ ಇರುವುದಿಲ್ಲವೇ?

ಇಷ್ಟೆಲ್ಲ ದುಡಿಯುವ ಅಭಿಮಾನಿಗೆ ಸಂಬಳವಿಲ್ಲ, ರಜೆಯಿಲ್ಲ. ಆದರೆ ತಾನೇ ಮಾಲೀಕ ಎಂಬ ಭಾವನೆ ಮಾತ್ರ ಬಿಟ್ಟಿ ಸಿಗುತ್ತದೆ. ಕಥೆಗಾರ ಆರ್ಥರ್ ಕಾನನ್ ಡಾಯ್ಲ್‌ಗೆ ಇದು ಬಹಳ ಹಿಂದೆಯೇ ಗೊತ್ತಾಗಿತ್ತು. 1893ರಲ್ಲಿ ಅವರು ತಮ್ಮ ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಜಲಪಾತದ ಬಳಿ ಸಾಯಿಸಿದಾಗ ಒಬ್ಬ ಮಹಿಳೆ ಬರೆದ ಪತ್ರ 'ಎಲೈ ಮೃಗವೇ' ಎಂಬ ಧಾಟಿಯಲ್ಲೇ ಶುರುವಾಗಿತ್ತು. ತಾನೇ ಹುಟ್ಟಿಸಿದವನನ್ನು ತಾನು ಸಾಯಿಸಲು ಓದುಗರ ಅಪ್ಪಣೆ ಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 1903ರಲ್ಲಿ ಹೋಮ್ಸ್ ಬದುಕಿ ಬಂದ.

ಈಗಿನವರು ಪತ್ರ ಬರೆದು ಕೂರುವುದಿಲ್ಲ. 2024ರಲ್ಲಿ ಕೊರಿಯಾದ ಗಾಯಕಿ ಕರೀನಾಗೆ ಒಬ್ಬ ನಟನ ಮೇಲೆ ಪ್ರೀತಿ ಇದೆ ಅಂತ ಸುದ್ದಿಯಾಯಿತು. ಅಷ್ಟೇ. ಕೆಲವು ಅಭಿಮಾನಿಗಳು ಆಕೆಯ ಕಂಪನಿಯ ಮುಂದೆ ಎಲ್‌ಇಡಿ ಪರದೆ ಹೊತ್ತ ಟ್ರಕ್ ತಂದು ನಿಲ್ಲಿಸಿ, ನಮ್ಮ ಪ್ರೀತಿ ಸಾಲದೇ ಅಂತ ಜವಾಬು ಕೇಳಿದರು. ಆಕೆ ಕೈಬರಹದಲ್ಲಿ ಕ್ಷಮಾಪಣೆ ಪತ್ರ ಬರೆದರು. ಪ್ರೀತಿಸಿದ್ದಕ್ಕೆ!

ಡಾಯ್ಲ್ ಅದೃಷ್ಟವಂತರು. ಅವರ ಕಾಲದಲ್ಲಿ ಬಾಡಿಗೆಗೆ ಟ್ರಕ್ ಸಿಗುತ್ತಿದ್ದರೆ ಹೋಮ್ಸ್ ಹತ್ತು ವರ್ಷವಲ್ಲ, ಹತ್ತು ದಿನದಲ್ಲಿ ಜಲಪಾತ ಹತ್ತಿ ಬರುತ್ತಿದ್ದ. ಜೊತೆಗೆ ಅವನದ್ದೂ ಒಂದು ಕ್ಷಮಾಪಣೆ ಪತ್ರ ಇರುತ್ತಿತ್ತು, ಬಿದ್ದಿದ್ದಕ್ಕೆ.